ಜೋಡಿ ಸರಿಯಿಲ್ಲದ ಕುಸ್ತಿ

ಸಿಡ್ನಿ ಏರ್‌ಪೋರ್ಟ್

ಆಸ್ಟ್ರೇಲಿಯಾದಲ್ಲಿ ಕಾಲಿಟ್ಟ ಅರ್ಧ ಗಂಟೆಯೊಳಗೆ ನಾನು ಕಳೆದುಕೊಂಡದ್ದು ಒಂದು ಡಬ್ಬಿ ಮಣ್ಣು.

ಅದು ಮೈಸೂರಿನ ನಮ್ಮ ಗರಡಿಯ ಮಣ್ಣು. ಮೂವತ್ತು ವರ್ಷ ನಾನು ಮೈಗೆ ಬಳಿದುಕೊಂಡದ್ದು. ನಮ್ಮಲ್ಲಿ ಮಗು ಹುಟ್ಟಿದರೆ ಅದರಲ್ಲಿ ಒಂದು ಚಿಟಿಕೆ ತಂದು ತೊಟ್ಟಿಲ ಕಾಲಿಗೆ ಹಚ್ಚುವುದು ರೂಢಿ. ಮೆಲ್ಬರ್ನಿನಲ್ಲಿ ಕೊನೆಯ ಮಗಳು ಸುಧಾ ಹೆಣ್ಣು ಮಗು ಹೆತ್ತಿದ್ದಳು. ಬಾಣಂತನಕ್ಕೆಂದು ನನ್ನಾಕೆ ಜಯಮ್ಮ ಮೊದಲೇ ಹೋಗಿ ಕುಳಿತಿದ್ದಳು. ನಾನು ನನ್ನ ಕುಶನ್ ಅಂಗಡಿಯ ಕೆಲಸ ಮುಗಿಸಿ, ಸ್ಟೀಲ್ ಡಬ್ಬಿಗೆ ಮಣ್ಣು ತುಂಬಿಕೊಂಡು ನಾಮಕರಣಕ್ಕೆ ಹೊರಟಿದ್ದೆ.

ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ಮಣ್ಣು ಇದೆಯೇ ಎಂದು ಕೇಳಿದ್ದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸುಳ್ಳು ಹೇಳುವುದನ್ನು ಅಲ್ಲಿಯವರೆಗೆ ಯಾರೂ ಕಲಿಸಿರಲಿಲ್ಲ. ಇದೆ ಎಂದು ಗುರುತು ಹಾಕಿದೆ. ಕೌಂಟರಿನಲ್ಲಿದ್ದ ಹುಡುಗಿಗೆ ಹಿಂದಿ ಬರುತ್ತಿತ್ತು. ಡಬ್ಬಿ ತೆರೆದು, ಇದರಲ್ಲಿ ಏನೇನಿದೆ ಎಂದು ಕೇಳಿದಳು.

"ಕೆಮ್ಮಣ್ಣು," ಎಂದೆ.

"ಅಷ್ಟೇನಾ?"

"ಅರಿಶಿನ. ಬೇವಿನ ಸೊಪ್ಪು. ಎಳ್ಳೆಣ್ಣೆ. ಮಜ್ಜಿಗೆ. ತುಪ್ಪ."

ಒಂದೊಂದು ಹೆಸರಿಗೂ ಅವಳು ಒಂದೊಂದು ಹೆಜ್ಜೆ ಹಿಂದೆ ಸರಿದಳು.

"ಮತ್ತೇನಾದ್ರೂ?"

"ನನ್ನ ಬೆವರು. ಮೂವತ್ತು ವರ್ಷದ್ದು."

ಆಗ ಅವಳು ಒಂದು ಕೈಗವಸಿನ ಮೇಲೆ ಇನ್ನೊಂದು ಕೈಗವಸು ಹಾಕಿಕೊಂಡಳು. ನಿಜ ಹೇಳಿದ್ದಕ್ಕೆ ದಂಡವಿಲ್ಲ ಎಂದು ನಗುತ್ತಲೇ ಹೇಳಿ, ಮಣ್ಣನ್ನು ಹಳದಿ ತೊಟ್ಟಿಗೆ ಹಾಕಿ, ಡಬ್ಬಿಯನ್ನು ತೊಳೆದು ವಾಪಸ್ ಕೊಟ್ಟಳು. ಎಷ್ಟು ಚೆನ್ನಾಗಿ ತೊಳೆದಿದ್ದಳೆಂದರೆ, ಜಯಮ್ಮ ಆಮೇಲೆ ಅದನ್ನು ನೋಡಿ ಹೊಸದಾ ಎಂದು ಕೇಳಿದಳು.

ಬ್ಲ್ಯಾಕ್‌ಟೌನ್

ಮಗು ಮೆಲ್ಬರ್ನಿನಲ್ಲಿರುವಾಗ ನಾನು ಸಿಡ್ನಿಗೆ ಇಳಿದದ್ದು ಬೀಗರಿಗಾಗಿ. ಸುಧಾಳ ಗಂಡ ಮನುವಿನ ತಂದೆ ಶ್ರೀಕಂಠಯ್ಯನವರು ಭೌತಶಾಸ್ತ್ರದ ಪ್ರೊಫೆಸರಾಗಿದ್ದವರು. ಈಗ ಹಿರಿಯ ಮಗನ ಜೊತೆ ಬ್ಲ್ಯಾಕ್‌ಟೌನಿನಲ್ಲಿದ್ದಾರೆ. ಎರಡು ದಿನ ನಮ್ಮಲ್ಲಿದ್ದು ಸುಧಾರಿಸಿಕೊಳ್ಳಿ, ಆಮೇಲೆ ಇಬ್ಬರೂ ಒಟ್ಟಿಗೆ ರೈಲಿನಲ್ಲಿ ಹೋಗೋಣ ಎಂದಿದ್ದರು. ನಾನು ಅವರನ್ನು ಮೇಷ್ಟ್ರೇ ಎನ್ನುತ್ತೇನೆ. ಅವರು ನನ್ನನ್ನು ಚಿಕ್ಕಣ್ಣನವರೇ ಎನ್ನುತ್ತಾರೆ. ಅಷ್ಟು ಉದ್ದದ ಮರ್ಯಾದೆಯನ್ನು ನನಗೆ ಮೈಸೂರಿನಲ್ಲಿ ಬ್ಯಾಂಕಿನವರು ಮಾತ್ರ ಕೊಟ್ಟಿದ್ದರು, ಅದೂ ಒಂದೇ ಸಲ.

ಬ್ಲ್ಯಾಕ್‌ಟೌನಿನಲ್ಲಿ ನನಗೆ ಬಹಳ ಹಿಡಿಸಿದ್ದು ಬಸ್ಸು. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಶಾಲೆಯ ಹುಡುಗರು, ಕೋಲೂರುವ ಅಜ್ಜಿಯರು, ಕಿವಿಗೆ ಓಲೆ ಸಿಕ್ಕಿಸಿದ ಗಂಡಸರು, ಎಲ್ಲರೂ. ನಮ್ಮ ಸಿಟಿ ಬಸ್ಸಿನಲ್ಲಿ ಇಳಿಯುವಾಗ ಡ್ರೈವರಿಗೆ ನಾವು ಹೇಳುವುದು ಬೇರೆ. ನಾನೂ ಶುರು ಮಾಡಿದೆ. ಹುಮ್ಮಸ್ಸಿನಲ್ಲಿ ದಾರಿ ಬಿಟ್ಟವರಿಗೂ ಹೇಳಿದೆ, ಬಾಗಿಲಿಗೂ ಹೇಳಿದೆ. "ಬಾಗಿಲಿಗೆ ಬೇಕಾಗಿಲ್ಲ, ಚಿಕ್ಕಣ್ಣನವರೇ," ಎಂದರು ಮೇಷ್ಟ್ರು.

ಜಗಳ ಶುರುವಾದದ್ದು ಎರಡನೆಯ ದಿನ, ಇಡ್ಲಿ ತಿನ್ನುವಾಗ. ಮೇಷ್ಟ್ರು ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದರು.

"ಮಗುವಿಗೆ ಹೆಸರು ನೋಡಿದೀನಿ. ಋತಂಭರಾ."

"ಏನಂದ್ರಿ?"

"ಋತಂಭರಾ. ಸತ್ಯವನ್ನು ಹೊತ್ತವಳು ಅಂತ ಅರ್ಥ."

"ಮೂರು ಕೇಜಿ ಮಗು ಮೇಷ್ಟ್ರೇ. ಅಷ್ಟೊಂದು ಹೊರೋಕಾಗಲ್ಲ ಅದ್ಕೆ."

ಅವರಿಗೆ ನಗು ಬರಲಿಲ್ಲ. "ಮತ್ತೆ ನಿಮ್ಮ ಮನಸ್ಸಿನಲ್ಲಿ ಏನಿದೆ?"

"ನಿಂಗಮ್ಮ."

ಮೇಷ್ಟ್ರು ಬಹಳ ಹೊತ್ತು ಸಾಂಬಾರನ್ನು ನೋಡಿದರು.

ನಿಂಗಮ್ಮ ನನ್ನವ್ವ. ಸಂತೆಪೇಟೆಯ ಫುಟ್‌ಪಾತಿನಲ್ಲಿ ಕುಳಿತು ಹರಿದ ಗೋಣಿಚೀಲ ಹೊಲಿಯುತ್ತಿದ್ದವಳು. ಅಪ್ಪ ಸತ್ತ ವರ್ಷ ನಾನು ಪಾಟಿಚೀಲ ಇಟ್ಟು ದಬ್ಬಳ ಹಿಡಿದು ಅವಳ ಪಕ್ಕ ಕುಳಿತೆ. ಗೋಣಿಯಿಂದ ಟಾರ್ಪಾಲಿಗೆ, ಟಾರ್ಪಾಲಿನಿಂದ ಬಸ್ಸಿನ ಸೀಟಿಗೆ, ಅಲ್ಲಿಂದ ಸೋಫಾಕ್ಕೆ ಬಂದೆ. ಇವತ್ತು ನನ್ನ ಅಂಗಡಿಯಲ್ಲಿ ಆರು ಜನ ದುಡಿಯುತ್ತಾರೆ. ಹಿರಿಯ ಮಕ್ಕಳ ಮೂರು ಹೆಣ್ಣು ಕೂಸುಗಳಿಗೆ ಅವ್ವನ ಹೆಸರಿಡಿ ಎಂದು ಕೇಳಿ ಮೂರು ಸಲವೂ ಸೋತಿದ್ದೆ. ಹಳೇ ಹೆಸರು, ಸ್ಕೂಲಲ್ಲಿ ರೇಗಿಸ್ತಾರೆ ಎಂದಿದ್ದರು. ಸುಧಾ ಈ ಒಂದೇ ಸಾಕು, ಇನ್ನು ಮಗು ಬೇಡ ಎಂದು ಹೇಳಿಬಿಟ್ಟಿದ್ದಳು. ಅಂದರೆ ಈ ಸಲ ತಪ್ಪಿದರೆ ಅವ್ವನ ಹೆಸರು ಮತ್ತೆ ಯಾರ ಬಾಯಲ್ಲೂ ಬರುವುದಿಲ್ಲ.

ರೈಲಿನಲ್ಲಿ ಹನ್ನೊಂದು ಗಂಟೆ

ಕಿಟಕಿಯಾಚೆ ಕುರಿ. ಮತ್ತೆ ಕುರಿ. ನಮ್ಮಲ್ಲಾದರೆ ಇಷ್ಟು ಕುರಿಗೆ ಹತ್ತು ಜನ ಕುರುಬರು, ನಾಲ್ಕು ನಾಯಿ, ಎರಡು ಜಗಳ ಕಾಣಿಸುತ್ತಿತ್ತು. ಇಲ್ಲಿ ಒಬ್ಬ ಮನುಷ್ಯನೂ ಇಲ್ಲ.

ಸೀಟು ಒಳ್ಳೆಯದಿತ್ತು. ಹೊಲಿಗೆ ಹೇಗಿದೆ ನೋಡೋಣವೆಂದು ಮಂಡಿಯೂರಿ ಅಡಿಗೆ ಕೈ ಹಾಕಿದೆ. ಟಿಕೆಟ್ ನೋಡಲು ಬಂದ ಹೆಂಗಸು ಏನಾದರೂ ಬಿದ್ದು ಹೋಯಿತೇ ಎಂದು ಕೇಳಿ, ತಾನೂ ಮಂಡಿಯೂರಿ ನನ್ನ ಜೊತೆ ಹುಡುಕತೊಡಗಿದಳು. ಮೇಷ್ಟ್ರು ಅವಳಿಗೆ ವಿವರಿಸುವಷ್ಟರಲ್ಲಿ ಎದುರು ಸೀಟಿನ ಮುದುಕರೂ ಬಗ್ಗಿದ್ದರು. ಕಳೆಯದೇ ಇದ್ದ ವಸ್ತುವನ್ನು ನಾಲ್ಕು ಜನ ಹುಡುಕುವ ಊರು ಅದು.

ಮಿಕ್ಕ ಹೊತ್ತೆಲ್ಲ ಹೆಸರಿನ ಜಗಳ. ಕೊನೆಗೆ ಸುಧಾಳಿಂದ ಫೋನ್ ಬಂತು.

"ಅಪ್ಪಾ, ಭಾನುವಾರ ನಾಮಕರಣ. ಇಬ್ರೂ ಸೇರಿ ಒಂದ್ ಹೆಸ್ರು ಹೇಳಿ, ಅದನ್ನೇ ಇಡ್ತೀವಿ. ಮೂರು ವಾರದಿಂದ ನನಗೆ ನಿದ್ದೆ ಇಲ್ಲ. ನಿಮ್ಮ ಪಂಚಾಯ್ತಿ ಮಾಡೋ ಎನರ್ಜಿ ನನ್ ಹತ್ರ ಇಲ್ಲ."

ಟಾರ್ನೀಟ್

ಮಗಳ ಮನೆಯಿದ್ದ ಮೆಲ್ಬರ್ನಿನ ಬಡಾವಣೆ ಟಾರ್ನೀಟಿನಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಮೊದಲ ಬೆಳಿಗ್ಗೆ ವಾಕಿಂಗ್ ಮುಗಿಸಿ, ತೆರೆದಿದ್ದ ಬಾಗಿಲಿನಿಂದ ಒಳಗೆ ಬಂದು, ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕುಳಿತು "ಕಾಫಿ" ಎಂದು ಕೂಗಿದೆ. ಕುಳಿತ ಕೂಡಲೇ ಗೊತ್ತಾಯಿತು, ಇದು ನಮ್ಮದಲ್ಲ. ಮಗಳ ಮನೆಯ ಸೋಫಾದ ಸ್ಪಾಂಜು ಸತ್ತು ಹೋಗಿತ್ತು, ಇದು ಪುಟಿಯುತ್ತಿತ್ತು. ಅಷ್ಟರಲ್ಲಿ ಒಬ್ಬ ಪಂಜಾಬಿ ಅಜ್ಜಿ ಒಳಗಿನಿಂದ ಬಂದು ನನ್ನನ್ನು ನೋಡಿ, ಒಂದೂ ಪ್ರಶ್ನೆ ಕೇಳದೆ ಚಹಾ ತಂದುಕೊಟ್ಟಳು. ಅವಳ ಮನೆಗೆ ಹೀಗೆ ಬಂದ ಐದನೆಯ ತಾತನಂತೆ ನಾನು.

ಮೇಷ್ಟ್ರೂ ನಾನೂ ಅಡುಗೆಮನೆಯಲ್ಲಿ, ಅಂಗಳದಲ್ಲಿ, ಕಾರಿನಲ್ಲಿ ಜಗಳವಾಡಿದೆವು. ಪ್ರತಿ ಸಲ ದನಿ ಏರಿದಾಗಲೂ ಮಗು ಎದ್ದಿತು. ಶುಕ್ರವಾರ ಮನು ಫೋನ್ ಹಿಡಿದುಕೊಂಡು ಬಂದ.

"ಅಂಕಲ್, ನಾಳೆ ಮಧ್ಯಾಹ್ನ ಸಿಟೀಲಿ ಜಪಾನಿನವರ ಕುಸ್ತಿ ಶೋ ಇದೆ. ನಿಮಗೂ ಅಪ್ಪಂಗೂ ಟಿಕೆಟ್ ಬುಕ್ ಮಾಡಿದೀನಿ. ಫ್ರಂಟ್ ರೋ."

"ನಿಧಾನವಾಗಿ ಬನ್ನಿ," ಎಂದಳು ಜಯಮ್ಮ. "ಆತುರ ಏನೂ ಇಲ್ಲ."

ಫೋನಿನಲ್ಲಿ ಇಬ್ಬರು ಪೈಲ್ವಾನರ ಚಿತ್ರವಿತ್ತು. ಒಬ್ಬ ನೂರ ಅರವತ್ತು ಕೇಜಿ. ಇನ್ನೊಬ್ಬ ಎಪ್ಪತ್ತೆಂಟು. ನನ್ನ ರಕ್ತ ಕುದಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕುಸ್ತಿಗೆ ಮೊದಲು ಜೋಡಿ ಕಟ್ಟುವುದು ಎಂಬ ಕೆಲಸವಿದೆ. ಪೈಲ್ವಾನರೆಲ್ಲ ಬಂದು ನಿಲ್ಲುತ್ತಾರೆ. ಹಿರಿಯರು ಭುಜ ಹಿಡಿದು, ತೊಡೆ ತಟ್ಟಿ, ಮೈಕಟ್ಟು ನೋಡಿ, ಇವನಿಗೆ ಇವನು ಸಮ ಎಂದು ಕೈಗೆ ಕೈ ಸೇರಿಸುತ್ತಾರೆ. ಇಪ್ಪತ್ತು ವರ್ಷದಿಂದ ಆ ಹಿರಿಯರಲ್ಲಿ ನಾನೂ ಒಬ್ಬ. ಒಂದು ಸಲವೂ ತಪ್ಪು ಜೋಡಿ ಕಟ್ಟಿಲ್ಲ. ಜೋಡಿ ತಪ್ಪಿದರೆ ಗೆದ್ದವನಿಗೆ ಮರ್ಯಾದೆಯಿಲ್ಲ, ಕಟ್ಟಿದವನಿಗಂತೂ ತಲೆ ಎತ್ತುವ ಹಾಗಿಲ್ಲ.

"ಇದು ಕುಸ್ತಿಯಲ್ಲ, ನಾಟಕ," ಎಂದೆ. "ನಾಟಕ ಆದ್ರೂ ದಪ್ಪನೋನೇ ಗೆಲ್ಲೋದು."

"ತೂಕ ಒಂದೇ ಎಲ್ಲವನ್ನೂ ನಿರ್ಧರಿಸೋಲ್ಲ," ಎಂದರು ಮೇಷ್ಟ್ರು. "ಸನ್ನೆಗೋಲಿನ ತತ್ವ ಅಂತ ಇದೆ. ಚಿಕ್ಕವನು ಗೆಲ್ಲಬಹುದು."

ಮೀನು ತಾನಾಗಿ ಬಲೆಗೆ ಬಂದಿತ್ತು. "ಹಂಗಾದ್ರೆ ಪಂಥ ಕಟ್ಟೋಣ. ಚಿಕ್ಕೋನು ಗೆದ್ರೆ ನಿಮ್ಮ ಹೆಸರು. ದಪ್ಪನೋನು ಗೆದ್ರೆ ನಮ್ಮವ್ವನ ಹೆಸರು."

"ಆಗಲಿ," ಎಂದು ಅವರು ಕೈ ಚಾಚಿದರು.

ರೂಮಿನಿಂದ ಸುಧಾ ಕೂಗಿದಳು. "ಅಪ್ಪಾ! ನನ್ ಮಗು ಹೆಸ್ರಲ್ಲಿ ಜೂಜಾ?"

"ಆಡ್ಕೊಳ್ಳಿ ಬಿಡೇ," ಎಂದಳು ಜಯಮ್ಮ. "ಯಾವ್ದೋ ಒಂದು ತೀರ್ಮಾನ ಆಗ್ಲಿ."

ಶನಿವಾರ, ಮೆಲ್ಬರ್ನ್

ಮಣ್ಣಿಲ್ಲದ ಅಖಾಡ. ನಾಲ್ಕು ಕಂಬ, ಮೂರು ಸುತ್ತು ಹಗ್ಗ, ಎದೆಯೆತ್ತರದ ಕಟ್ಟೆ. ನನ್ನ ಪಕ್ಕದಲ್ಲಿ ಗುಲಾಬಿ ಬಣ್ಣದ ಕೂದಲಿನ, ಅರವತ್ತರ ಆಸುಪಾಸಿನ ಹೆಂಗಸು ಸ್ವೆಟರ್ ಹೆಣೆಯುತ್ತ ಕುಳಿತಿದ್ದಳು. ಅವಳ ಚೀಲದ ತುಂಬ ಬಣ್ಣದ ಕಾಗದದ ಸುರುಳಿಗಳು. ಮೆಚ್ಚಿನ ಪೈಲ್ವಾನನ ಹೆಸರು ಕೂಗಿದಾಗ ಅವನ್ನು ಒಳಗೆ ಎಸೆಯುವುದು ಜಪಾನಿನವರ ಪದ್ಧತಿಯಂತೆ. ನನಗೂ ಒಂದು ಕೊಟ್ಟಳು. ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಎಸೆಯಬೇಕು, ಆಗ ಅದು ಹಾವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಅದನ್ನು ಮೇಷ್ಟ್ರು ನನಗೆ ಅನುವಾದಿಸುವ ಮುಂಚೆಯೇ ನಾನು ಎಸೆದಾಗಿತ್ತು. ಸುರುಳಿ ಬಿಚ್ಚದೆ ನೇರವಾಗಿ ಹೋಗಿ ರೆಫರಿಯ ಕಿವಿಗೆ ಬಿತ್ತು. ಆತ ತಿರುಗಿ, ಸೊಂಟ ಬಗ್ಗಿಸಿ ನನಗೇ ನಮಸ್ಕಾರ ಮಾಡಿದ.

ಪೈಲ್ವಾನರ ಹೆಸರುಗಳು ನನ್ನ ನಾಲಿಗೆಗೆ ಹತ್ತಲಿಲ್ಲ. ದೊಡ್ಡವನನ್ನು ಬೆಟ್ಟದಪ್ಪ ಎಂದುಕೊಂಡೆ. ಚಿಕ್ಕವನು ಹಳದಿ ಚಡ್ಡಿ.

ಗಂಟೆ ಬಾರಿಸಿದರು. ಹಳದಿ ಚಡ್ಡಿ ಓಡಿ ಹೋಗಿ ಬೆಟ್ಟದಪ್ಪನ ಎದೆಗೆ ಫಟಾರನೆ ಒಂದು ಬಾರಿಸಿದ. ಬೆಟ್ಟದಪ್ಪ ಎದೆಯನ್ನು ಕೆರೆದುಕೊಂಡ. ಇನ್ನೊಂದು ಬಾರಿಸಿದ. ಬೆಟ್ಟದಪ್ಪ ಆಕಳಿಸಿದ. ಆಮೇಲೆ ಅವನು ಒಂದೇ ಒಂದು ಕೊಟ್ಟ ನೋಡಿ, ಹಳದಿ ಚಡ್ಡಿ ಪಲ್ಟಿ ಹೊಡೆದು ಬಿದ್ದ. ಅವನ ಮೇಲೆ ಬೆಟ್ಟದಪ್ಪ ಕುಳಿತುಕೊಂಡ. ಸುಮ್ಮನೆ ಕುಳಿತುಕೊಂಡ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತ ಹಾಗೆ. ಜನ ಬಿದ್ದು ಬಿದ್ದು ನಕ್ಕರು.

"ನಿಮ್ಮ ಸನ್ನೆಗೋಲು ಎಲ್ಲಿ ಮೇಷ್ಟ್ರೇ?" ಎಂದೆ.

"ಆಧಾರಬಿಂದು ಸಿಗಬೇಕು," ಎಂದರು ಅವರು ಗಂಭೀರವಾಗಿ.

ಸಿಕ್ಕಿದ್ದು ನಮ್ಮ ಕಾಲು. ಬೆಟ್ಟದಪ್ಪ ಅವನನ್ನು ಎತ್ತಿ ಹಗ್ಗದಾಚೆ ಎಸೆದ. ಹಳದಿ ಚಡ್ಡಿ ಬಂದು ನನ್ನ ಬೂಟಿನ ಮೇಲೆ ಮಗುಚಿ ಬಿದ್ದ. ಅವನ ಬೆನ್ನನ್ನು ನಾನು ಒಂದು ಮೊಳದ ದೂರದಿಂದ ನೋಡಿದೆ. ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಿತ್ತು. ಮೇಲೆ ರೆಫರಿ ಎಣಿಸುತ್ತಿದ್ದ. ಇಪ್ಪತ್ತರೊಳಗೆ ಇವನು ವಾಪಸ್ ಹತ್ತಬೇಕಂತೆ.

ನಾಟಕವಾದರೆ ಬೆನ್ನು ಯಾಕೆ ಹೀಗಿದೆ? ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಆ ಕಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿದೆ. ನಲವತ್ತೈದು ವರ್ಷ ಸ್ಪಾಂಜು ಒತ್ತಿದ ಕೈ ಇದು, ಇದಕ್ಕೆ ಯಾರೂ ಸುಳ್ಳು ಹೇಳಲಾರರು. ಮೇಲೆ ಕ್ಯಾನ್ವಾಸು, ಅದರಡಿ ಅರ್ಧ ಇಂಚೂ ಇಲ್ಲದ ಫೋಮು, ಅದರಡಿ ಹಲಗೆ. ಇಂಥದ್ದನ್ನು ನಾನು ಆಟೋದ ಡ್ರೈವರ್ ಸೀಟಿಗೂ ಹಾಕುವುದಿಲ್ಲ. ಯಾರು ಗೆಲ್ಲಬೇಕು ಎಂಬುದು ಮೊದಲೇ ಮಾತಾಗಿರಬಹುದು. ಬೀಳುವುದು ಮಾತ್ರ ಬೀಳುವುದೇ. ಇವನು ಹೊಟ್ಟೆಪಾಡಿಗೆ ದಿನಾ ಇದರ ಮೇಲೆ ಬೀಳುತ್ತಾನೆ.

ಗಂಟೆ ಬಾರಿಸುವವರ ಮೇಜು ಪಕ್ಕದಲ್ಲೇ ಇತ್ತು. ಸೂಟು ಹಾಕಿದ ಒಬ್ಬ ಜಪಾನಿ ಯಜಮಾನರು ಕುಳಿತಿದ್ದರು. ಅವರ ಮುಂದೆ ನಿಂತು ಕನ್ನಡದಲ್ಲೇ ಕೇಳಿದೆ.

"ಯಾರ್ರೀ ಈ ಜೋಡಿ ಕಟ್ಟಿದ್ದು? ಕಣ್ ಕಾಣಲ್ವಾ ನಿಮಗೆ? ಎಪ್ಪತ್ತೆಂಟಕ್ಕೆ ನೂರ ಅರವತ್ತಾ?"

ಯಜಮಾನರು ಎದ್ದು ಬಗ್ಗಿ ನಮಸ್ಕರಿಸಿದರು. ಹಿರಿಯರು ಬಗ್ಗಿದರೆ ನನಗೆ ಸುಮ್ಮನಿರಲಾಗುತ್ತದೆಯೇ? ನಾನೂ ಬಗ್ಗಿದೆ. ಅವರು ಇನ್ನೂ ಕೆಳಕ್ಕೆ ಬಗ್ಗಿದರು. ನಾನು ಬಿಡಲಿಲ್ಲ. ಹೀಗೆ ಬೈಯುವುದೂ ಬಗ್ಗುವುದೂ ನಡೆಯುತ್ತಿರುವಾಗ, ಬಾಗಿಲಿನಷ್ಟು ಅಗಲದ ಒಬ್ಬ ಸೆಕ್ಯುರಿಟಿಯವನು ಬಂದು, ಹೂವೆತ್ತುವ ಹಾಗೆ ನನ್ನ ತೋಳು ಹಿಡಿದು, "ಅಂಕಲ್, ಸೀಟ್" ಎಂದ. ಮೇಷ್ಟ್ರು ಇಂಗ್ಲಿಷಿನಲ್ಲಿ ಅವನಿಗೆ ಏನೋ ಹೇಳಿದರು. ಇವರು ಮೈಸೂರಿನ ನ್ಯಾಯಾಧೀಶರು ಎಂದು ಹೇಳಿದರಂತೆ. ಕುಸ್ತಿಯ ನ್ಯಾಯ ಎಂದು ಬಿಡಿಸಿ ಹೇಳಲಿಲ್ಲವಂತೆ. ಅಲ್ಲಿಂದಾಚೆ ಆ ಸೆಕ್ಯುರಿಟಿಯವನು ನನ್ನ ಕುರ್ಚಿಯ ಹಿಂದೆಯೇ ನಿಂತ, ಮರ್ಯಾದೆಗೋ ಭಯಕ್ಕೋ ಗೊತ್ತಿಲ್ಲ.

ಹಳದಿ ಚಡ್ಡಿ ಹತ್ತೊಂಬತ್ತಕ್ಕೆ ವಾಪಸ್ ಹತ್ತಿದ. ಮತ್ತೆ ಬಿದ್ದ, ಮತ್ತೆ ಎದ್ದ. ಇನ್ನೊಂದು ಸಲ ಎದ್ದಾಗ ನಾನು ಕುರ್ಚಿಯ ಮೇಲೆ ನಿಂತಿದ್ದೆ.

"ಒಳಗಾಲು ಹಾಕೋ! ಕಾಲಿಗೆ ಹೋಗೋ, ಎದೆ ಬುಡೋ! ಸೊಂಟಕ್ಕೆ ಬಗ್ಗು!"

ಅವನಿಗೆ ಕನ್ನಡ ಹೇಗೆ ತಿಳಿಯಿತೋ, ಕಾಲಿಗೇ ಹೋದ. ಬೆಟ್ಟದಪ್ಪ ಒಂಟಿ ಕಾಲಲ್ಲಿ ಕುಂಟಿದ. ಹಳದಿ ಚಡ್ಡಿ ಅವನ ಸೊಂಟದಡಿಗೆ ನುಗ್ಗಿ, ಆ ನೂರ ಅರವತ್ತು ಕೇಜಿಯನ್ನು ಹೆಗಲಿಗೆ ಎತ್ತಿದ. ಎತ್ತಿಯೇ ಬಿಟ್ಟ! ಸ್ವೆಟರಿನ ಹೆಂಗಸು ಕಡ್ಡಿ ಎಸೆದಳು. ಮೇಷ್ಟ್ರು, ಮೂವತ್ತೈದು ವರ್ಷ ತರಗತಿಯಲ್ಲಿ ದನಿ ಏರಿಸದವರು, "ಸನ್ನೆಗೋಲು! ಸನ್ನೆಗೋಲು!" ಎಂದು ಅರಚಿದರು. ಕಟ್ಟೆ ನಡುಗುವ ಹಾಗೆ ಬೆಟ್ಟದಪ್ಪ ಬಿದ್ದ. ರೆಫರಿ ನೆಲ ತಟ್ಟಿದ. ಒಂದು. ಎರಡು. ಮೂರಕ್ಕೆ ಕೈ ಇಳಿಯುತ್ತಿರುವಾಗ ಬೆಟ್ಟದಪ್ಪ ಭುಜ ಎತ್ತಿಬಿಟ್ಟ.

ಆಮೇಲೆ ಬಹಳ ಹೊತ್ತು ಹಿಡಿಯಲಿಲ್ಲ. ಬೆಟ್ಟದಪ್ಪ ಎದ್ದು, ಅವನನ್ನು ತಲೆಯ ಮೇಲಕ್ಕೆತ್ತಿ ಬಡಿದು, ಮೇಲೆ ಒರಗಿದ. ಒಂದು, ಎರಡು, ಮೂರು.

ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೂಗು ಸೋರುವ ಹಾಗೆ ಅತ್ತೆ. ಮೇಷ್ಟ್ರು ಕರವಸ್ತ್ರ ಕೊಟ್ಟರು. ಅದೂ ಒದ್ದೆಯಾಗಿತ್ತು.

ಟಾರ್ನೀಟಿಗೆ ವಾಪಸ್

ರೈಲಿನಲ್ಲಿ ಅರ್ಧ ದಾರಿ ಇಬ್ಬರೂ ಮೂಗು ಒರೆಸಿಕೊಂಡೇ ಬಂದೆವು. ಆಮೇಲೆ ಮೇಷ್ಟ್ರು ಹೇಳಿದರು, "ನೀವು ಗೆದ್ದಿರಿ, ಚಿಕ್ಕಣ್ಣನವರೇ. ನಿಂಗಮ್ಮ."

ನನಗೆ ಅದು ಆಗ ನೆನಪಾಯಿತು. ಸಂತೋಷವಾಗಬೇಕಿತ್ತು. ಆದರೆ ಜೋಡಿ ತಪ್ಪಾಗಿದೆ ಎಂದು ಊರಿಗೇ ಕೇಳುವ ಹಾಗೆ ಅರಚಿದವನು ನಾನು. ಈಗ ಅದೇ ಗೆಲುವನ್ನು ಜೇಬಿಗೆ ಹಾಕಿಕೊಳ್ಳಲೇ? ಅಷ್ಟೇ ಅಲ್ಲ. ಗರಡಿಯ ಮುಖವನ್ನೇ ನೋಡದ ಮೇಷ್ಟ್ರನ್ನು ಕುಸ್ತಿಯ ಪಂಥಕ್ಕೆ ಎಳೆದವನು ಯಾರು? ಇಪ್ಪತ್ತು ವರ್ಷದಲ್ಲಿ ಒಂದೂ ತಪ್ಪು ಜೋಡಿ ಕಟ್ಟಿಲ್ಲ ಎಂದು ಮೆರೆಯುವವನು ಕಟ್ಟಿದ ಮೊದಲ ತಪ್ಪು ಜೋಡಿ ನಮ್ಮಿಬ್ಬರದೇ.

"ಈ ಗೆಲುವು ಬೇಡ," ಎಂದೆ. "ನಿಮ್ಮ ಹೆಸರೇ ಇಡಿ. ರು... ರುತುಂಬ..."

"ಋತಂಭರಾ. ಬೇಡ. ಮಾತು ಅಂದ್ರೆ ಮಾತು. ಭಿಕ್ಷೆ ನನಗೆ ಬೇಕಾಗಿಲ್ಲ."

"ನಾನೇನು ಭಿಕ್ಷೆ ಕೊಡ್ತಿದೀನಾ?"

ಮನೆ ಬಾಗಿಲಿಗೆ ಬರುವಷ್ಟರಲ್ಲಿ ಜಗಳ ಜೋರಾಗಿತ್ತು. ಈಗ ಅವರು ನಿಂಗಮ್ಮ ಎನ್ನುತ್ತಿದ್ದರು, ನಾನು ಆ ಇನ್ನೊಂದು. ಮಗು ಎದ್ದು ಚೀರಿತು. ಜಯಮ್ಮ ಸೌಟು ಹಿಡಿದು ಬಂದಳು. ನಡೆದದ್ದನ್ನೆಲ್ಲ ಕೇಳಿ, ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು, ಥೇಟ್ ನಾನು ಪೈಲ್ವಾನರನ್ನು ನೋಡುವ ಹಾಗೆ.

"ನಾನ್ ಕಟ್ತೀನಿ ಜೋಡಿ. ಬೀಗ್ರೇ, ನಿಮ್ಮ ಮಕ್ಕಳನ್ನ ಒಂದು ದಿನ ಆದ್ರೂ ಮಲಗ್ಸಿದೀರಾ?"

"ಇಲ್ಲಮ್ಮ. ಥೀಸಿಸ್ ಕೆಲಸ ಇರ್ತಿತ್ತು."

"ಇವ್ರೂ ಇಲ್ಲ. ಅಂಗ್ಡಿ, ಗರಡಿ. ಇದ್ರಲ್ಲಿ ಇಬ್ರೂ ಸೊನ್ನೆ, ಸರಿಸಮ. ನಾಳೆ ಬೆಳಿಗ್ಗೆ ಪೂಜೆಗೆ ಮುಂಚೆ ಮಗೂನ ಯಾರು ಮಲಗುಸ್ತಾರೋ ಅವ್ರ ಹೆಸ್ರು."

"ಅಮ್ಮಾ, ಯೂ ಆರ್ ಎ ಜೀನಿಯಸ್," ಎಂದಳು ಸುಧಾ, ಸೋಫಾದಲ್ಲಿ ಕಣ್ಣು ಮುಚ್ಚಿಕೊಂಡೇ.

ಭಾನುವಾರ

ಮೊದಲ ಸರದಿ ಮೇಷ್ಟ್ರದು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಚಲನೆಯ ನಿಯಮಗಳನ್ನು ಹೇಳತೊಡಗಿದರು. ಇದನ್ನು ಹೇಳಿದಾಗ ತರಗತಿಯಲ್ಲಿ ಯಾವತ್ತೂ ಒಬ್ಬನೂ ಎಚ್ಚರ ಇದ್ದದ್ದಿಲ್ಲ ಎಂಬ ಧೈರ್ಯ ಅವರಿಗೆ. ಮಗು ಮಾತ್ರ ಕಣ್ಣರಳಿಸಿ, ಬಾಯಿ ತೆರೆದು, ಮೂರನೆಯ ನಿಯಮದವರೆಗೂ ಕೇಳಿಸಿಕೊಂಡಿತು. ಮೇಷ್ಟ್ರಿಗೆ ಸೋತದ್ದಕ್ಕೆ ದುಃಖವಾಯಿತೋ, ಇಂಥ ವಿದ್ಯಾರ್ಥಿ ಸಿಕ್ಕಿದ್ದಕ್ಕೆ ಖುಷಿಯಾಯಿತೋ ಹೇಳುವುದು ಕಷ್ಟ.

ಆಮೇಲೆ ನಾನು. ನನಗೆ ಲಾಲಿ ಬರುವುದಿಲ್ಲ. ಬರುವುದು ಬಸ್ಕಿ ಒಂದೇ. ಮಗುವನ್ನು ಎದೆಗೊತ್ತಿಕೊಂಡು ಏಳುವುದು, ಕೂರುವುದು ಶುರು ಮಾಡಿದೆ. ಒಂದು, ಎರಡು, ಮೂರು, ಪಿಸುದನಿಯಲ್ಲಿ. ಬಂದಿದ್ದ ನೆಂಟರು ತಟ್ಟೆ ಹಿಡಿದು ಸುತ್ತ ನಿಂತರು. ಹದಿನೈದಕ್ಕೆ ಮಗು ಆಕಳಿಸಿತು. ಇಪ್ಪತ್ತೈದಕ್ಕೆ ರೆಪ್ಪೆ ಭಾರವಾಯಿತು. ಮೂವತ್ತೊಂದಕ್ಕೆ ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ಮಲಗಿಬಿಟ್ಟಿತು.

ಮೂವತ್ತೊಂದಕ್ಕೆ ನಾನು ಕೂತಿದ್ದೆ. ಏಳಬೇಕೆಂದರೆ ಮಂಡಿಗಳೆರಡೂ ಬೀಗ ಹಾಕಿಕೊಂಡಿದ್ದವು.

"ಏಳಿ ಅಂಕಲ್," ಎಂದ ಮನು.

"ಆಗ್ತಿಲ್ಲ ಕಣಪ್ಪ."

"ಮಗೂನ ಕೊಡಿ ಇಲ್ಲಿ."

"ಮುಟ್ಬೇಡ!" ಸುಧಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಮೂರು ವಾರದಲ್ಲಿ ಮೊದಲನೇ ಸಲ ಹಗಲು ಮಲಗಿದೆ. ಯಾರಾದ್ರೂ ಎಬ್ಬಿಸಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ. ಅಪ್ಪಾ, ಹಾಗೇ ಇರು."

ಹಾಗೇ ಇದ್ದೆ. ತೊಡೆ ನಡುಗುತ್ತಿತ್ತು, ಹಿಂದಕ್ಕೆ ವಾಲುತ್ತಿದ್ದೆ. ಆಗ ಮೇಷ್ಟ್ರು ಪಂಚೆ ಎತ್ತಿಕಟ್ಟಿ, ನನ್ನ ಹಿಂದೆ ನೆಲದ ಮೇಲೆ ಕುಳಿತು, ತಮ್ಮ ಬೆನ್ನನ್ನು ನನ್ನ ಬೆನ್ನಿಗೆ ಕೊಟ್ಟರು. "ನಿಮ್ಮ ಭಾರ ನನಗೆ ಬಿಡಿ," ಎಂದರು. ಬಿಟ್ಟೆ. ಪುರೋಹಿತರು ತೊಟ್ಟಿಲನ್ನು ಬಿಟ್ಟು ಅಕ್ಕಿಯ ತಟ್ಟೆ, ದೀಪ ಎಲ್ಲವನ್ನೂ ನಾವಿದ್ದಲ್ಲಿಗೇ ತಂದಿಟ್ಟುಕೊಂಡರು. ನೆಂಟರೂ ಒಬ್ಬೊಬ್ಬರಾಗಿ ನೆಲಕ್ಕೆ ಕುಳಿತರು.

ಹೆಸರು ಹೇಳುವ ಹೊತ್ತು ಬಂದಾಗ ಮಗುವಿನ ಕಿವಿ ನನ್ನ ಬಾಯಿಯ ಹತ್ತಿರವೇ ಇತ್ತು. ನಿಂಗಮ್ಮ ಎಂದೆ. ಹಿಂದಿನಿಂದ ಮೇಷ್ಟ್ರು, "ಇನ್ನೂ ಎರಡು ಸಲ," ಎಂದರು. "ಮೆಲ್ಲಗೆ."

ಇನ್ನೂ ಎರಡು ಸಲ ಹೇಳಿದೆ. ಊಟವಾದ ಮೇಲೆ ನಾಲ್ಕು ಜನ ಸೇರಿ ನಮ್ಮಿಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು. ನಿಂಗಮ್ಮ ಏಳಲಿಲ್ಲ.